ಭೇಟಿಯ ಉದ್ದೇಶ: ಮನೆ

ಏಪ್ರಿಲ್ 9, ಮಂಗಳವಾರ

ಈಜಿಪ್ಟಿನ ಸಿನಾಯ್ ಪ್ರವಾಸಕ್ಕೆ ಪಾಸ್‌ಪೋರ್ಟಿನ ನಕಲು ಕೊಡಲು ನಾಳೆಯೇ ಕೊನೆ. ನಕಲು ಕೊಡದಿದ್ದರೆ ಪ್ರವಾಸ ಇಲ್ಲ. ಪ್ರವಾಸ ಇಲ್ಲದಿದ್ದರೆ ಬಂಡೆಗಳ ವರದಿ ಇಲ್ಲ. ವರದಿ ಇಲ್ಲದಿದ್ದರೆ ಭೂವಿಜ್ಞಾನದ ಮೊದಲ ವರ್ಷ ಪಾಸಿಲ್ಲ. ಮೂರು ಸಲ ಯೋಚಿಸಿದೆ. ಮೂರು ಸಲವೂ ಅಲ್ಲಿಗೇ ಬಂದು ನಿಂತೆ.

ಕ್ಲಾಸಿನ ಇಪ್ಪತ್ತನಾಲ್ಕು ಜನರಲ್ಲಿ ಇಪ್ಪತ್ತಮೂರು ಜನರ ಪಾಸ್‌ಪೋರ್ಟ್ ಕಡುನೀಲಿ. ನನ್ನದೊಂದು ಕೆಂಪು. ಅದು ಹಾಸಿಗೆಯ ಕೆಳಗೆ ಚಳಿಗಾಲದ ಕಾಲುಚೀಲದೊಳಗಿದೆ. ಅಪ್ಪ ಇಂಗ್ಲೆಂಡಿನವನು ಎಂಬುದು ಎಲ್ಲರಿಗೂ ಗೊತ್ತು, ಹಾಜರಿಯಲ್ಲಿ ಸನಾಬೆಲ್ ಪೆಂಬರ್ಟನ್ ಎಂದು ಕೂಗಿದಾಗಲೆಲ್ಲ ಹಿಂದಿನ ಬೆಂಚಿನಲ್ಲಿ ಯಾರೋ ಕೆಮ್ಮುತ್ತಾರೆ. ಆದರೆ ನಾನು ಈ ದೇಶದ ಪ್ರಜೆಯೇ ಅಲ್ಲ ಎಂಬುದು ಯಾರಿಗೂ ಗೊತ್ತಿಲ್ಲ. ಆರು ತಿಂಗಳಿಂದ ಪಕ್ಕದ ಮಂಚದಲ್ಲಿ ಮಲಗುವ ತಹಾನಿಗೂ ಗೊತ್ತಿಲ್ಲ. ಎಲ್ಲಿಯವಳು ಎಂದರೆ ಕರಕ್‌ನವಳು ಎನ್ನುತ್ತೇನೆ. ಸುಳ್ಳಲ್ಲ. ಅಮ್ಮ ಕರಕ್‌ನವಳು, ಅಜ್ಜಿ ಕರಕ್‌ನಲ್ಲಿದ್ದಾಳೆ, ನಾನು ನಾಲ್ಕು ವರ್ಷದವಳಿದ್ದಾಗಿನಿಂದ ಜೋರ್ಡಾನಿನಲ್ಲೇ ಇದ್ದೇನೆ. ಆದರೆ ಇಲ್ಲಿ ಪೌರತ್ವ ಅಪ್ಪನ ಕಡೆಯಿಂದ ಬರುತ್ತದೆ, ಅಮ್ಮನ ಕಡೆಯಿಂದ ಬರುವುದಿಲ್ಲ. ಅಪ್ಪನ ಕಡೆಯಿಂದ ನನಗೆ ಬಂದದ್ದು ನಸುಗೆಂಪು ಮೂಗು ಮತ್ತು ಆ ಪುಸ್ತಕ.

ಮಸ್ಕತ್‌ಗೆ ಫೋನ್ ಮಾಡಿದೆ. ಅಲ್ಲಿನ ಆಸ್ಪತ್ರೆಯಲ್ಲಿ ಕೆಲಸ ಮಾಡುವ ಅಮ್ಮ ಆಗಷ್ಟೇ ಡ್ಯೂಟಿ ಮುಗಿಸಿದ್ದಳು.

"ಅದಕ್ಕೆ ಅಳ್ತಿದೀಯಾ? ನಕಲು ಕೊಡು ಹೋಗು."

"ಅಳ್ತಿಲ್ಲ."

"ಮೂಗು ಎಳೀತಿರೋದು ಕೇಳಿಸ್ತಿದೆ. ಶಾಲೆ ಹಾಸ್ಟೆಲಿನೋರು ಮಾಡಿಸಿದ ವಾಸದ ಕಾರ್ಡ್ ಇದೆಯಲ್ಲ, ಇಟ್ಕೋ. ಯಾರೂ ಏನೂ ಕೇಳಲ್ಲ."

ಕೇಳುತ್ತಾರೆ. ಇಪ್ಪತ್ತಮೂರು ಜನ ಕೇಳುತ್ತಾರೆ. ಉತ್ತರಗಳನ್ನು ಬರೆದಿಟ್ಟುಕೊಂಡಿದ್ದೇನೆ, ಒಟ್ಟು ಹನ್ನೊಂದು.

ಏಪ್ರಿಲ್ 10

ಕೊಟ್ಟೆ. ಕಾಗದವನ್ನು ನಾಲ್ಕು ಮಡಿಕೆ ಮಾಡಿ, ಬೇರೆಯವರ ಕಾಗದಗಳ ಕೆಳಗೆ ತೂರಿಸಲು ನೋಡಿದೆ. ನಮ್ಮ ಅಧ್ಯಾಪಕಿ ಡಾಕ್ಟರ್ ಸುಹೈರ್ ಎಳೆದು ಬಿಡಿಸಿ ನೋಡಿದರು. ಕನ್ನಡಕವನ್ನು ಹಣೆಗೇರಿಸಿ ಇನ್ನೊಮ್ಮೆ ನೋಡಿದರು.

"ಇಡೀ ಕ್ಲಾಸಲ್ಲಿ ನಿನ್ನ ಫೋಟೋ ಒಂದೇ ಮನುಷ್ಯರ ಥರ ಬಂದಿರೋದು," ಎಂದರು. ಅಷ್ಟೇ. ಮುಂದಿನವನನ್ನು ಕರೆದರು.

ಹನ್ನೊಂದು ಉತ್ತರದಲ್ಲಿ ಒಂದೂ ಉಪಯೋಗಕ್ಕೆ ಬರಲಿಲ್ಲ. ಇದು ಒಳ್ಳೆಯದೋ ಕೆಟ್ಟದ್ದೋ ತಿಳಿಯುತ್ತಿಲ್ಲ.

ಏಪ್ರಿಲ್ 16, ಮಂಗಳವಾರ, ಹಡಗಿನಲ್ಲಿ

ಆಗಬಾರದೆಂದುಕೊಂಡಿದ್ದೆಲ್ಲ ಮಧ್ಯಾಹ್ನದೊಳಗೆ ಆಯಿತು.

ಅಕಾಬಾ ಬಂದರಿನಲ್ಲಿ ನಮ್ಮ ಬಸ್ಸು ಹಡಗಿನ ಹೊಟ್ಟೆಯೊಳಗೆ ಹೋಯಿತು, ನಾವು ಪಾಸ್‌ಪೋರ್ಟ್ ತೋರಿಸಲು ಸಾಲು ನಿಂತೆವು. ಎರಡು ಸಾಲು. ಒಂದು ಜೋರ್ಡಾನಿನವರದು, ಇನ್ನೊಂದು ವಿದೇಶಿಯರದು. ನಾನು ಕಾಲೆಳೆಯುತ್ತ ಎರಡರ ಮಧ್ಯೆ ನಿಂತಿದ್ದೆ. ಕೊನೆಗೆ ಹೋಗಲೇಬೇಕಾಯಿತು.

"ಲೇ, ಆ ಕಡೆ ಎಲ್ಲಿ ಹೋಗ್ತಿದೀಯ? ಅದು ವಿದೇಶಿಯರ ಸಾಲು!" ತಹಾನಿ ಇಡೀ ಹಾಲ್‌ಗೆ ಕೇಳುವಂತೆ ಕೂಗಿದಳು.

ಪಾಸ್‌ಪೋರ್ಟನ್ನು ಎದೆಗೆ ಒತ್ತಿ ಹಿಡಿದೆ. ಹಿಡಿದರೂ ಕೆಂಪು ಕಾಣಿಸಿತು. ಔನ್, ಹಿಂದಿನ ಬೆಂಚಿನ ಕೆಮ್ಮಿನವನು, ಮೊದಲು ನೋಡಿದ. "ಓಹೋ, ದೊರೆಸಾನಿ! ನಮ್ಮ ಜೊತೆ ಇಷ್ಟು ದಿನ ಒಂದೇ ತಟ್ಟೇಲಿ ಉಂಡ್ರಲ್ಲ, ಕೈ ಕೊಳೆ ಆಗ್ಲಿಲ್ವಾ?" ಎಲ್ಲರೂ ನಕ್ಕರು. ತಹಾನಿ ನಗಲಿಲ್ಲ.

ಕೌಂಟರಿನವರು ನನ್ನ ವಾಸದ ಕಾರ್ಡನ್ನು ತಿರುಗಿಸಿ ಹಿಂಬದಿ ನೋಡಿದರು.

"ಮಗಳೇ, ಇದು ಗುರುವಾರಕ್ಕೆ ಮುಗಿಯುತ್ತೆ. ವಾಪಸ್ ಯಾವತ್ತು?"

"ಶನಿವಾರ."

"ಹಾಗಾದ್ರೆ ಬರುವಾಗ ಟೂರಿಸ್ಟ್ ಆಗಿ ಬರ್ತೀಯ. ಇಳಿದ ಮೇಲೆ ಇಲ್ಲೇ ವೀಸಾ ಹೊಡೀತಾರೆ. ಮುಖ ಯಾಕೆ ಹಾಗ್ ಮಾಡ್ತೀಯ? ನಿಮ್ಮೋರಿಗೆ ಇದು ಸುಲಭ."

ನಮ್ಮೋರು. ಯಾರು?

ಕಾರ್ಡಿನ ಹಿಂಬದಿಯನ್ನು ನಮ್ಮ ಮನೆಯಲ್ಲಿ ಯಾರೂ ನೋಡಿರಲಿಲ್ಲ. ಶಾಲೆಯಲ್ಲಿದ್ದಾಗ ಹಾಸ್ಟೆಲಿನ ಗುಮಾಸ್ತೆ ವರ್ಷಕ್ಕೊಮ್ಮೆ ಮಾಡಿಸಿ ತರುತ್ತಿದ್ದಳು. ಶಾಲೆ ಮುಗಿಯಿತು, ಗುಮಾಸ್ತೆ ಮುಗಿದಳು. ಜೋರ್ಡಾನಿ ತಾಯಂದಿರ ಮಕ್ಕಳಿಗೆಂದೇ ಬೇರೊಂದು ಕಾರ್ಡ್ ಇದೆ, ಅದನ್ನು ಮಾಡಿಸಬೇಕೆಂದು ಅಮ್ಮ ನಾಲ್ಕು ವರ್ಷದಿಂದ ಹೇಳುತ್ತಿದ್ದಾಳೆ. ಅಜ್ಜಿ ಬಿಡುವುದಿಲ್ಲ. "ನನ್ನ ಮೊಮ್ಮಗಳು ನನ್ನ ಮೊಮ್ಮಗಳು ಅಂತ ಆ ಸರ್ಕಾರಕ್ಕೆ ನಾನ್ಯಾಕೆ ಅರ್ಜಿ ಕೊಡ್ಲಿ? ಬೇಕಾದ್ರೆ ಅವರೇ ಬಂದು ನನ್ನ ಕೇಳ್ಲಿ."

ಹಡಗಿನಲ್ಲಿ ವಿದೇಶಿಯರ ಪಾಸ್‌ಪೋರ್ಟ್ ಇಸಿದುಕೊಂಡು ಇಳಿದ ಮೇಲೆ ಕೊಡುತ್ತಾರಂತೆ. ಈಗ ನನ್ನ ಹತ್ತಿರ ಯಾವ ಬಣ್ಣದ್ದೂ ಇಲ್ಲ. ಶನಿವಾರ ವೀಸಾ ಕೊಡದಿದ್ದರೆ? ಅವರೆಲ್ಲ ಬಸ್ಸಿನಲ್ಲಿ ಹೋಗಿ ನಾನೊಬ್ಬಳು ಬಂದರಿನಲ್ಲಿ ಉಳಿದರೆ? ಯಾರಿಗೆ ಫೋನ್ ಮಾಡಲಿ? ಅಜ್ಜಿಗೆ ಕಿವಿ ಮಂದ. ಅಮ್ಮ ಡ್ಯೂಟಿಯಲ್ಲಿದ್ದರೆ ಎತ್ತುವುದಿಲ್ಲ. ಇಂಗ್ಲೆಂಡಿನ ಹಲ್ ಊರಿನಲ್ಲಿರುವ ಅಪ್ಪ ಹುಟ್ಟುಹಬ್ಬಕ್ಕೆ ಕಾರ್ಡ್ ಕಳಿಸುತ್ತಾನೆ, ನನ್ನ ಹುಟ್ಟುಹಬ್ಬ ನವೆಂಬರ್‌ನಲ್ಲಿ.

ಏಪ್ರಿಲ್ 17, ನುವೈಬಾ

ನಿನ್ನೆ ಈಜಿಪ್ಟಿನವರು ನನ್ನನ್ನು ಒಂದೇ ನಿಮಿಷದಲ್ಲಿ ಒಳಗೆ ಬಿಟ್ಟರು.

"ಉದ್ದೇಶ?"

"ಟೂರಿಸಂ."

"ಸುಸ್ವಾಗತ, ಸುಸ್ವಾಗತ!" ಠಪ್. ಹದಿನೈದು ದಿನ.

ಉಳಿದ ಇಪ್ಪತ್ತಮೂರು ಜನರಿಗೆ ಎರಡೂವರೆ ಗಂಟೆ ಹಿಡಿಯಿತು. ನಾನು ಹೊರಗೆ ಸಿಮೆಂಟಿನ ಕಟ್ಟೆಯ ಮೇಲೆ ಎಲ್ಲರ ಚೀಲಗಳನ್ನು ಕಾಯುತ್ತ ಕೂತಿದ್ದೆ. ಔನ್ ಬೆವರಿಳಿಸುತ್ತ ಹೊರಗೆ ಬಂದವನು, "ನಿಮ್ಮ ರಾಣಿಯಮ್ಮ ಮೊದಲೇ ಫೋನ್ ಮಾಡಿ ಹೇಳಿದ್ರಾ?" ಎಂದ. ಹೌದು ಎಂದೆ. ಬಾಯಿಂದ ಅದು ಹೇಗೆ ಬಂತೋ. ಅವನು ನಕ್ಕ.

ತಹಾನಿ ರಾತ್ರಿಯೂಟದ ತನಕ ಮಾತಾಡಲಿಲ್ಲ. ಆಮೇಲೆ ಹೇಳಿದಳು, "ಆರು ತಿಂಗಳು ನನ್ನ ಶಾಂಪೂ ಹಾಕ್ಕೊಂಡಿದೀಯ. ನಿಮ್ಮಜ್ಜಿಗೆ ಯಾವ ಮಂಡಿ ನೋಯುತ್ತೆ ಅನ್ನೋದೂ ನಂಗೊತ್ತು. ಇದೊಂದು ಹೇಳೋಕೆ ಆಗ್ಲಿಲ್ವಾ?"

"ಹೇಳಿದ್ರೆ ನೀನು ನನ್ನ ವಿದೇಶಿ ಅಂತಿದ್ದೆ."

"ಈಗ್ಲೂ ಅಂತೀನಿ. ವಿದೇಶಿ, ಆ ಬ್ರೆಡ್ ಕೊಡು."

ಕೊಟ್ಟೆ. ಅರ್ಧ ನನಗೇ ಮುರಿದುಕೊಟ್ಟಳು.

ಏಪ್ರಿಲ್ 18, ಗುರುವಾರ

ಇವತ್ತಿನಿಂದ ನನಗೆ ಜೋರ್ಡಾನಿನಲ್ಲಿ ವಾಸದ ಹಕ್ಕಿಲ್ಲ. ಕಣಿವೆಯಲ್ಲಿ ನಿಂತು ಮಧ್ಯಾಹ್ನವಾಗುವುದನ್ನು ನೋಡಿದೆ. ಏನೂ ಆಗಲಿಲ್ಲ. ಬಿಸಿಲಿತ್ತು.

ಕೆಂಪು ಗ್ರಾನೈಟಿನ ಗೋಡೆಯ ನಡುವೆ ಕಪ್ಪು ಬಂಡೆಯ ಪಟ್ಟಿಯೊಂದು ಕೆಳಗಿನಿಂದ ಮೇಲಿನ ತನಕ ಸೀಳಿಕೊಂಡು ಹೋಗಿದೆ. ಹಳೆಯ ಬಂಡೆಯೊಳಗೆ ಆಮೇಲೆ ನುಗ್ಗಿ ಬಂದದ್ದು ಅದು ಎಂದು ಡಾಕ್ಟರ್ ವಿವರಿಸುತ್ತಿದ್ದರು. ಔನ್ ಕೈ ಎತ್ತಿದ. "ಡಾಕ್ಟ್ರೇ, ಇದಕ್ಕೆ ವೀಸಾ ಯಾರು ಹೊಡೆದ್ರು?" ಎಲ್ಲರೂ ನನ್ನ ಕಡೆ ತಿರುಗಿದರು.

"ಇದು ಬಂದು ಐವತ್ತೆಂಟು ಕೋಟಿ ವರ್ಷ ಆಯ್ತು," ಎಂದರು ಡಾಕ್ಟರ್. "ನೀನು ಬಂದು ಹತ್ತೊಂಬತ್ತು ವರ್ಷ. ನಿನ್ನ ಕಾಗದ ತೋರಿಸು."

ನಾನೂ ನಕ್ಕೆ. ವರದಿಗೆ ಏಳು ಪುಟ ಬರೆದೆ.

ಶನಿವಾರಕ್ಕೆ ಸಿದ್ಧಪಡಿಸಿದ ವಾಕ್ಯಗಳು: ಆರು.

ಏಪ್ರಿಲ್ 20, ಶನಿವಾರ, ಬೆಳಿಗ್ಗೆ, ಹಡಗಿನಲ್ಲಿ

ವಿದೇಶಿಯರಿಗೆ ಒಂದು ಅರ್ಜಿ ಕೊಟ್ಟಿದ್ದಾರೆ. ಹೆಸರು, ಪಾಸ್‌ಪೋರ್ಟ್ ಸಂಖ್ಯೆ, ಜೋರ್ಡಾನಿನಲ್ಲಿ ವಿಳಾಸ, ಭೇಟಿಯ ಉದ್ದೇಶ. ಹಡಗಿನಲ್ಲಿ ವಿದೇಶಿಯರು ಒಂಬತ್ತೇ ಜನ. ಜರ್ಮನಿಯ ಮುದುಕಿಯೊಬ್ಬಳು ಕನ್ನಡಕ ನುವೈಬಾದಲ್ಲೇ ಬಿಟ್ಟು ಬಂದಿದ್ದಾಳೆ. ಅವಳದನ್ನು ತುಂಬಿಕೊಟ್ಟೆ. ಅದನ್ನು ನೋಡಿ ಕೊರಿಯಾದ ಇಬ್ಬರು ಬಂದರು. ಅವರದೂ ಬರೆದೆ. ಉದ್ದೇಶ: ಟೂರಿಸಂ, ಟೂರಿಸಂ, ಟೂರಿಸಂ.

ನನ್ನದು ಬಂದಾಗ ಅಭ್ಯಾಸಬಲದಿಂದ ಟಕಾರ ಬರೆಯಲು ಹೊರಟವಳು ನಿಲ್ಲಿಸಿದೆ. ಹಾಸ್ಟೆಲ್ ಶಾಲೆಯಲ್ಲಿ ಹದಿಮೂರು ವರ್ಷ ಪ್ರತಿ ಗುರುವಾರ, ಶುಕ್ರ-ಶನಿವಾರದ ರಜೆಗೆ ಹೊರಡುವಾಗ, ಗೇಟಿನ ಪುಸ್ತಕದಲ್ಲಿ "ಎಲ್ಲಿಗೆ ಹೋಗುತ್ತಿದ್ದೀರಿ" ಎಂಬುದರ ಎದುರಿಗೆ ಬರೆಯುತ್ತಿದ್ದ ಪದವನ್ನೇ ಬರೆದೆ.

ಮನೆ.



ಏಪ್ರಿಲ್ 20, ಸಂಜೆ ನಾಲ್ಕೂವರೆ, ಬಸ್ಸಿನಲ್ಲಿ

ಬಸ್ಸು ಕುಲುಕುತ್ತಿದೆ, ಅಕ್ಷರ ಹೀಗೇ ಬರುವುದು. ಎಲ್ಲರೂ ಹಾಡುತ್ತಿದ್ದಾರೆ. ಮೊದಲಿನಿಂದ ಬರೆಯುತ್ತೇನೆ.

ಕೌಂಟರಿನಲ್ಲಿದ್ದ ಪೊಲೀಸ್ ನನ್ನ ಅರ್ಜಿ ಓದಿ, ಬೆರಳಿಟ್ಟು ಮತ್ತೆ ಓದಿದ.

"ಉದ್ದೇಶ, ಮನೆ?"

"ಹೌದು."

"ಮನೆ ಅನ್ನೋದು ಇಲ್ಲಿ ಇಲ್ಲಮ್ಮ. ಟೂರಿಸಂ ಇದೆ, ವ್ಯಾಪಾರ ಇದೆ, ಹಾದು ಹೋಗೋದಿದೆ. ಏನ್ ಮಾಡ್ಕೊಂಡಿದೀಯ ನೀನು?"

"ಓದ್ತಿದೀನಿ. ಅಮ್ಮಾನ್‌ನಲ್ಲಿ. ಮೊದಲ ವರ್ಷ."

ಹಾಸ್ಟೆಲಿನ ಬುದ್ಧಿ. ಕೇಳಿದ್ದಕ್ಕೆಲ್ಲ ಪೂರ್ತಿ ಉತ್ತರ. ಅವನು ತಲೆ ಕೆರೆದುಕೊಂಡು, ಕಾಗದ ತೆಗೆದುಕೊಂಡು, ಪಕ್ಕದ ಕೋಣೆಗೆ ಕರೆದುಕೊಂಡು ಹೋದ. ಅಲ್ಲಿ ಕ್ಯಾಪ್ಟನ್ ಮುಫ್ಲೆಹ್ ಎಂಬ ದಪ್ಪ ಮೀಸೆಯವರು ಕೂತಿದ್ದರು. ಗದರಲಿಲ್ಲ. ಗದರಿದ್ದರೆ ವಾಸಿಯಿತ್ತು.

"ನೋಡಮ್ಮ, ನೀನು ಬರೆದದ್ದು ತಪ್ಪು ಅಂತ ನಾನು ಹೇಳಲ್ಲ. ಆದ್ರೆ ಇಲ್ಲೇ ಬಂದು ಹೊಡ್ಕೊಳ್ಳೋ ವೀಸಾ ಟೂರಿಸ್ಟಿಗೆ. ನೀನೇ ವಿದ್ಯಾರ್ಥಿ ಅಂತೀಯ, ಮನೆ ಅಂತೀಯ. ಈಗ ಅದನ್ನ ಅಳಿಸಿ ಟೂರಿಸಂ ಅಂತ ಬರೆಸಿದ್ರೆ ನಾನೇ ಸುಳ್ಳು ಬರೆಸಿದ ಹಾಗಾಗುತ್ತೆ. ವಿದ್ಯಾರ್ಥಿ ಅಂದ್ರೆ ಅಮ್ಮಾನ್‌ನಿಂದ ಒಪ್ಪಿಗೆ ಬರ್ಬೇಕು. ಇವತ್ತು ಶನಿವಾರ, ರಜೆ, ಅಲ್ಲಿ ಫೋನ್ ಎತ್ತೋರಿಲ್ಲ. ಐದಕ್ಕೆ ಹಡಗು ವಾಪಸ್ ಹೋಗುತ್ತೆ. ನುವೈಬಾದಲ್ಲಿ ಎರಡು ದಿನ ಇದ್ದು ಬಾ."

ನುವೈಬಾದಲ್ಲಿ ಎರಡು ದಿನ, ಒಬ್ಬಳೇ. ಎರಡು ದಿನ ಎನ್ನುವುದು ಎರಡು ವಾರವಾದರೆ ವರದಿ ಹೋಯಿತು, ವರ್ಷ ಹೋಯಿತು. ಡಾಕ್ಟರ್ ಸುಹೈರ್ ಬಂದರು, ವಿಶ್ವವಿದ್ಯಾಲಯದ ಪತ್ರ ತೋರಿಸಿದರು. ಪತ್ರದಲ್ಲೂ ವಿದ್ಯಾರ್ಥಿನಿ ಎಂದೇ ಇತ್ತು. ಕ್ಯಾಪ್ಟನ್ ಅದನ್ನು ಗೌರವದಿಂದ ಓದಿ ಗೌರವದಿಂದ ಹಿಂದಿರುಗಿಸಿದರು. ಡಾಕ್ಟರ್ ಧ್ವನಿ ಏರಿಸಿದರು, ಇವರು ಏರಿಸಲಿಲ್ಲ. ಡಾಕ್ಟರ್ ಯಾರಿಗೋ ಫೋನ್ ಮಾಡಲು ಹೊರಗೆ ಹೋದಾಗ ನಾನೂ ಕ್ಯಾಪ್ಟನ್ನೂ ಉಳಿದೆವು.

"ಬಿಳಿಚ್ಕೊಂಡಿದೀಯ. ಮೊದಲು ಕಾಫಿ ಕುಡಿ," ಎಂದು ಫ್ಲಾಸ್ಕಿನಿಂದ ತಾವೇ ಬಗ್ಗಿಸಿ ಕೊಟ್ಟರು. ಹಿಡಿಯಿಲ್ಲದ ಪುಟ್ಟ ಬಟ್ಟಲು, ತಳದಲ್ಲಿ ಎರಡು ಗುಟುಕು ಕಹಿ ಕಾಫಿ, ಏಲಕ್ಕಿ ವಾಸನೆ. ನನ್ನ ಕೈ ನಡುಗುತ್ತಿತ್ತು. ಅವರ ಕಾಗದದ ಮೇಲೆ ಚೆಲ್ಲೀತೆಂದು ಹೆದರಿ ಬಟ್ಟಲನ್ನು ಮೇಜಿನ ಮೇಲೆ ಅವರ ಎದುರಿಗೇ ಇಟ್ಟುಬಿಟ್ಟೆ.

ಅವರ ಪೆನ್ನು ನಿಂತಿತು.

ನನಗೆ ಹೊಳೆದದ್ದು ಅವರ ಮುಖ ನೋಡಿದ ಮೇಲೆ. ನಮ್ಮಲ್ಲಿ ಹೆಣ್ಣು ಕೇಳಲು ಬಂದ ಹಿರಿಯ ಕಾಫಿಯನ್ನು ತೆಗೆದುಕೊಳ್ಳುತ್ತಾನೆ, ಕುಡಿಯುವುದಿಲ್ಲ. ಮುಂದೆ ಇಟ್ಟು ಕೂರುತ್ತಾನೆ. ಬಂದ ಕೆಲಸ ನಡೆಸಿಕೊಡುತ್ತೇನೆ ಎಂದು ಯಜಮಾನ ಬಾಯಿಬಿಟ್ಟು ಹೇಳಿದ ಮೇಲೆಯೇ ಬಟ್ಟಲಿಗೆ ತುಟಿ ತಾಗಿಸುವುದು. ಬಂದವನು ಕುಡಿಯದೆ ಎದ್ದು ಹೋದನೆಂದರೆ ಆ ಮನೆಗೆ ಅದಕ್ಕಿಂತ ಅವಮಾನವಿಲ್ಲ. ಗಡ್ಡ ನೆರೆತವರು ಮಾಡುವ ಕೆಲಸವನ್ನು ನಾನು ಮಾಡಿ ಕೂತಿದ್ದೆ.

"ತಗೋ ಮಗಳೇ, ಕುಡಿ," ಎಂದರು ಮೆಲ್ಲಗೆ.

ಕೈ ನಡುಗ್ತಿದೆ, ಅದಕ್ಕೇ ಇಟ್ಟೆ. ಈ ಮಾತು ನಾಲಿಗೆಯ ತುದಿಯಲ್ಲಿತ್ತು. ಹೊರಗೆ ಬಂದದ್ದು ಬೇರೆ.

"ನನ್ನದೊಂದು ಕೋರಿಕೆ ಇದೆ, ಸಾಹೇಬ್ರೇ."

"ಈ ಆಟ ನನ್ನ ಹತ್ರ ಬೇಡ. ಇದು ಹಿರಿಯರು ಬಂದು ಮಾಡೋ ಕೆಲಸ."

"ನನ್ನ ಕಡೆ ಹಿರಿಯರು ಹೊರಗಿದ್ದಾರೆ."

ಹೊರಗಲ್ಲ, ಬಾಗಿಲಲ್ಲೇ ಇದ್ದರು. ನಮ್ಮ ಬಸ್ಸಿನ ಚಾಲಕ ಅಬು ದಿರ್ಘಾಮ್ ಬಸ್ಸಿನ ಕಾಗದಕ್ಕೆ ಮುದ್ರೆ ಹಾಕಿಸಲು ಬಂದವರು ಹೊಸ್ತಿಲಲ್ಲಿ ನಿಂತಿದ್ದರು. ಬಟ್ಟಲನ್ನು ನೋಡಿದರು. ನನ್ನನ್ನು ನೋಡಿದರು. ಹಿಂದಕ್ಕೆ ತಿರುಗಿ ಹೋದರು.

ಎರಡು ನಿಮಿಷಕ್ಕೆ ವಾಪಸ್ ಬಂದರು. ತಲೆಯ ಕೆಂಪು ಚೌಕಳಿ ವಸ್ತ್ರ ನೀಟಾಗಿ ಸುತ್ತಿಕೊಂಡಿದ್ದರು, ಚಪ್ಪಲಿ ಬಿಟ್ಟು ಶೂ ಹಾಕಿಕೊಂಡಿದ್ದರು. ಅವರ ಹಿಂದೆ ಇಡೀ ಕ್ಲಾಸು. ಹುಡುಗರು ಮುಂದೆ, ಕೈ ಕಟ್ಟಿ, ಮುಖ ಗಂಟಿಕ್ಕಿಕೊಂಡು. ಔನ್ ಎಲ್ಲಿಂದಲೋ ಕೋಟು ತಂದಿದ್ದ. ಅದರ ತೋಳಿನಲ್ಲಿ ಇನ್ನೊಬ್ಬನ ಕೈಯೂ ಹಿಡಿಸುತ್ತಿತ್ತು, ಅಷ್ಟು ದೊಡ್ಡದು. ಹಿಂದೆ ತಹಾನಿ ಮತ್ತು ಹುಡುಗಿಯರು, ಅವರ ಹಿಂದೆ ಡಾಕ್ಟರ್.

"ನಿಮ್ಮ ಮೇಲೆ ಶಾಂತಿ ಇರಲಿ," ಎಂದರು ಅಬು ದಿರ್ಘಾಮ್.

ಇಪ್ಪತ್ತೈದು ಜನ ಬಾಗಿ ಸಲಾಂ ಹೇಳಿದರೆ ಯಾವ ಯಜಮಾನ ತಾನೇ ಕೂತಿರಲು ಸಾಧ್ಯ? ಕ್ಯಾಪ್ಟನ್ ಎದ್ದು ನಿಂತರು. ಕಣ್ಣು ಮುಚ್ಚಿ ಒಂದು ಸಲ ಉಸಿರು ಬಿಟ್ಟರು. ಆಮೇಲೆ ಕೌಂಟರಿನ ಪೊಲೀಸನನ್ನು ಕರೆದು, "ಕಾಫಿ ಕೊಡು ಎಲ್ರಿಗೂ," ಎಂದರು. ಬಟ್ಟಲು ಇದ್ದದ್ದು ಐದು. ಉಳಿದವರಿಗೆ ಪೇಪರ್ ಕಪ್ಪು. ಒಬ್ಬೊಬ್ಬರೂ ತೆಗೆದುಕೊಂಡರು, ಒಬ್ಬೊಬ್ಬರೂ ಕೆಳಗಿಟ್ಟರು. ಮೇಜು ತುಂಬಿತು, ಕಿಟಕಿಯ ಕಟ್ಟೆ ತುಂಬಿತು, ಕಡತದ ಬೀರುವಿನ ಮೇಲೂ ಸಾಲಾಗಿ ಕಪ್ಪು. ಯಾರೂ ಕುಡಿಯಲಿಲ್ಲ.

ಅಬು ದಿರ್ಘಾಮ್ ಗಂಟಲು ಸರಿಮಾಡಿಕೊಂಡರು.

"ಸಾಹೇಬ್ರೇ, ಇಪ್ಪತ್ತೆಂಟು ವರ್ಷದಿಂದ ಬಸ್ಸು ಓಡಿಸ್ತಿದೀನಿ. ಒಂಬತ್ತು ಸಲ ಹೆಣ್ಣು ಕೇಳೋಕೆ ಹೋಗಿದೀನಿ. ಒಂದು ಸಲಾನೂ ಆರಿದ ಕಾಫಿ ಬಿಟ್ಟು ಬಂದೋನಲ್ಲ. ಆ ಒಂಬತ್ತು ಸಲಾನೂ ಬೇರೆಯೋರ ಮನೆ ಹೆಣ್ಣನ್ನ ನಮ್ಮನೆಗೆ ಕೇಳಿದ್ದು. ಇವತ್ತು ನಮ್ಮನೆ ಹೆಣ್ಣನ್ನ ನಮ್ಮನೆಗೇ ಕೇಳ್ತಿದೀನಿ. ಇಂಥದ್ದು ನಾನೂ ಮೊದಲನೇ ಸಲ ಮಾಡ್ತಿರೋದು, ತಪ್ಪಾದ್ರೆ ಹೊಟ್ಟೇಲಿ ಹಾಕ್ಕೊಳ್ಳಿ."

ಕ್ಯಾಪ್ಟನ್ ಮೀಸೆ ಅಲುಗಿತು. "ಹುಡುಗಿ ಯಾವ ಮನೆತನ?"

ಅಬು ದಿರ್ಘಾಮ್‌ಗೆ ಗೊತ್ತಿರಲಿಲ್ಲ. ನನ್ನ ಕಡೆ ಬಗ್ಗಿ, "ಯಾವುದಮ್ಮಾ?" ಎಂದರು.

"ಪೆಂಬರ್ಟನ್."

ಅಬು ದಿರ್ಘಾಮ್ ನಿಧಾನವಾಗಿ ತಲೆಯಾಡಿಸಿದರು.

"ದೊಡ್ಡ ಮನೆತನ," ಎಂದರು.

ಔನ್ ಕೋಟಿನ ತೋಳನ್ನು ಬಾಯಿಗೆ ತುರುಕಿಕೊಂಡ. ಕ್ಯಾಪ್ಟನ್ ಕಿಟಕಿಯ ಕಡೆ ತಿರುಗಿ ಸ್ವಲ್ಪ ಹೊತ್ತು ಸಮುದ್ರ ನೋಡಿದರು, ಅವರ ಹೆಗಲು ಕುಣಿಯುತ್ತಿತ್ತು. ಮತ್ತೆ ಈ ಕಡೆ ತಿರುಗುವಾಗ ಮುಖ ಸರಿಮಾಡಿಕೊಂಡಿದ್ದರು.

"ನೀನೇ ಹೇಳು. ಇಲ್ಲಿಂದ ಬಿಟ್ರೆ ಎಲ್ಲಿಗೆ ಹೋಗ್ತೀಯ?"

"ಕರಕ್. ಕೋಟೆಯ ಕೆಳಗಿನ ರಸ್ತೆ, ಬೇಕರಿ ಎದುರಿಗೆ, ಉಮ್ ಸಖ್ರ್ ಮನೆ. ನಮ್ಮಜ್ಜಿ, ಅಮ್ಮನ ತಾಯಿ."

"ಅಲ್ಲಿ ಏನು ನೋಡ್ತೀಯ?"

"ಅಜ್ಜೀನ."

"ಎಷ್ಟು ವಯಸ್ಸು?"

"ಎಂಬತ್ತೊಂದು."

"ಎಂಬತ್ತೊಂದು!" ಕೌಂಟರಿನ ಪೊಲೀಸಿನ ಕಡೆ ತಿರುಗಿದರು. "ಕೇಳಿದ್ಯಾ? ಈ ಬಂದರಿಗಿಂತ ಹಳೇದು. ನೋಡತಕ್ಕದ್ದೇ. ಟೂರಿಸಂ ಅಂತ ಹಾಕು, ನೆಂಟರ ಭೇಟಿ. ಅದರಲ್ಲಿ ಸುಳ್ಳೇನಿಲ್ಲ." ಮತ್ತೆ ನನಗೆ ಹೇಳಿದರು. "ಆದ್ರೆ ಮೊದಲು ಅಜ್ಜಿ ಮನೆ, ಆಮೇಲೆ ಕಾಲೇಜು. ನಾಳೆನೇ ಅಲ್ಲಿನ ಠಾಣೆಗೆ ಹೋಗಿ ವಾಸಕ್ಕೆ ಹೆಸರು ಬರೆಸು. ಆ ತಾಯಂದಿರ ಮಕ್ಕಳ ಕಾರ್ಡಿಗೂ ಅರ್ಜಿ ಹಾಕು, ಇಷ್ಟು ವರ್ಷ ಏನ್ ಮಾಡ್ತಿದ್ರಿ? ಅಬು ದಿರ್ಘಾಮ್, ಈ ವಿಳಾಸದ ಬಾಗಿಲ ತನಕ ಬಿಟ್ಟು ಬರೋದು ನಿಮ್ಮ ಜವಾಬ್ದಾರಿ. ಆಯ್ತಲ್ಲ? ಕುಡೀರಿ ಕಾಫಿ."

ಎಲ್ಲರ ಕೈ ಕಪ್ಪಿನ ಕಡೆ ಹೋಯಿತು. ನನ್ನದು ಹೋಗಲಿಲ್ಲ.

"ಮುದ್ರೆ?" ಎಂದೆ.

ಅಬು ದಿರ್ಘಾಮ್ ಕೂಡ ಗಾಬರಿಯಿಂದ ನೋಡಿದರು. ಯಜಮಾನನ ಬಾಯಿಮಾತಿನ ಮೇಲೆ ಯಾರೂ ಹಾಗೆ ಕೇಳುವುದಿಲ್ಲ. ಕ್ಯಾಪ್ಟನ್ ನನ್ನನ್ನೇ ನೋಡಿದರು. ಆಮೇಲೆ ಮೇಜು ತಟ್ಟಿ ನಕ್ಕರು, ಕಪ್ಪುಗಳೆಲ್ಲ ಅಲುಗಿದವು.

"ಈ ಹಠ ನೋಡು, ಇವಳು ಕರಕ್‌ನವಳೇ! ಪೆಂಬರ್ಟನ್ ಅಂತೆ! ತಾರೋ ಆ ಮುದ್ರೆ!"

ಠಪ್.

ಕುಡಿದೆವು. ತಣ್ಣಗಾಗಿತ್ತು, ಕಹಿಯಾಗಿತ್ತು, ಬಾಯೆಲ್ಲ ಏಲಕ್ಕಿ. ಆಗ ಹಿಂದಿನಿಂದ ನಾಲಿಗೆ ಆಡಿಸುತ್ತ ಮದುವೆಮನೆಯ ಕೇಕೆಯೊಂದು ಎದ್ದಿತು. ಎಲ್ಲರೂ ತಿರುಗಿ ನೋಡಿದರೆ ಡಾಕ್ಟರ್ ಸುಹೈರ್. ಹಾಜರಿ ಕಡಿಮೆಯಾದವರನ್ನು ಕ್ಷಮಿಸದ ಡಾಕ್ಟರ್ ಸುಹೈರ್. ತಹಾನಿ ನನ್ನ ಕುತ್ತಿಗೆಗೆ ಜೋತುಬಿದ್ದಳು.

ಬಸ್ಸು ಹೊರಡುವುದು ಹತ್ತು ನಿಮಿಷ ತಡವಾಯಿತು. ಆ ಜರ್ಮನ್ ಮುದುಕಿ ಇನ್ನೂ ಕೌಂಟರಿನಲ್ಲೇ ನಿಂತಿದ್ದಳು, ಹೋಟೆಲಿನ ಹೆಸರು ಓದಲು ಆಗದೆ. ಪೊಲೀಸಿಗೆ ಅವಳ ಮಾತು ತಿಳಿಯದು, ಅವಳಿಗೆ ಅವನದು. ನಡುವೆ ನಿಂತು ಮುಗಿಸಿಕೊಟ್ಟು ಬಂದೆ. ಔನ್ ಹಾರ್ನ್ ಒತ್ತುತ್ತಲೇ ಇದ್ದ, ಬಾಯಿ ಮುಚ್ಚಿಕೊಂಡು ಕೂತಿರು ಎಂದೆ.

ಬಸ್ಸೀಗ ಹೆದ್ದಾರಿಯಲ್ಲಿದೆ. ಇಡೀ ಬಸ್ಸು ಕರಕ್‌ಗೆ ಬರುತ್ತಿದೆ. ಅಜ್ಜಿಗೆ ಫೋನ್ ಮಾಡಿದೆ, ಎತ್ತಲಿಲ್ಲ.

ಏಪ್ರಿಲ್ 21, ಭಾನುವಾರ, ಕರಕ್

ಹತ್ತಕ್ಕೆ ಠಾಣೆಗೆ ಹೋಗಬೇಕು. ಅದಕ್ಕೆ ಮೊದಲು ಇದನ್ನು ಬರೆದುಬಿಡುತ್ತೇನೆ. ಠಾಣೆಯ ವಾಸದ ಕೌಂಟರು ಏಳಕ್ಕೇ ತೆರೆಯಬೇಕಿತ್ತು, ಹತ್ತಕ್ಕೆ ತೆರೆಯುವವರಿಗೆ ಸಂಬಳ ಯಾಕೆ ಕೊಡುತ್ತಾರೋ.

ನಿನ್ನೆ ಆರೂವರೆಗೆ ತಲುಪಿದೆವು. ಕೋಟೆಯ ಕೆಳಗಿನ ರಸ್ತೆಯಲ್ಲಿ ಬಸ್ಸು ಹಿಡಿಸುವುದಿಲ್ಲ, ಬೇಕರಿಯ ತಿರುವಿನಲ್ಲಿ ನಿಲ್ಲಿಸಿ ನಡೆದೆವು. ಅಬು ದಿರ್ಘಾಮ್ ಮುಂದೆ, ಶೂ ಹಾಕಿಕೊಂಡು. ಅವರ ಹಿಂದೆ ಕೋಟಿನ ಔನ್, ಹುಡುಗರು. ನಾನು ತಹಾನಿಯ ಜೊತೆ ಎಲ್ಲರಿಗಿಂತ ಹಿಂದೆ, ಚೀಲ ಎಳೆದುಕೊಂಡು.

ಅಜ್ಜಿ ಬಾಗಿಲು ತೆಗೆದಳು. ಸಂಜೆಯ ಹೊತ್ತು ಬಾಗಿಲಲ್ಲಿ ಸಾಲು ಗಂಡಸರು, ಮುಂದೆ ಚೌಕಳಿ ವಸ್ತ್ರದ ಹಿರಿಯ, ಅವನ ಪಕ್ಕದಲ್ಲಿ ಕೋಟು ತೊಟ್ಟ ಹುಡುಗ. ಇದನ್ನು ನೋಡಿದ ಯಾವ ಅಜ್ಜಿಗಾದರೂ ಏನನ್ನಿಸಬೇಕೋ ಅದೇ ಅನ್ನಿಸಿತು.

"ಇಲ್ಲ," ಎಂದಳು. ಸಲಾಂಗೂ ಉತ್ತರವಿಲ್ಲ. "ಹುಡುಗಿ ಇನ್ನೂ ಓದ್ತಿದಾಳೆ. ಓದು ಮುಗೀಲಿ. ಅದೂ ಅಲ್ದೆ," ಔನ್‌ನನ್ನು ಮೇಲಿನಿಂದ ಕೆಳಗಿನ ತನಕ ನೋಡಿದಳು, "ಅಳತೆಗೆ ಕೋಟು ಹೊಲಿಸೋಕೆ ಆಗ್ದೋನಿಗೆ ನಾನು ಕೊಡಲ್ಲ."

ಔನ್ ಕೆಂಪಾದದ್ದನ್ನು ನಾನು ಮೊದಲ ಸಲ ನೋಡಿದ್ದು.

"ತಾಯಿ, ನಾವು ಕೇಳೋಕೆ ಬಂದಿಲ್ಲ. ಕೊಡೋಕೆ ಬಂದಿದೀವಿ," ಎಂದರು ಅಬು ದಿರ್ಘಾಮ್. "ಸರ್ಕಾರದ ಅಪ್ಪಣೆ, ಈ ವಿಳಾಸಕ್ಕೆ ತಲುಪಿಸಬೇಕು ಅಂತ."

ಸಾಲು ಸರಿದು ಎರಡಾಯಿತು. ನಾನು ಕಾಣಿಸಿದೆ.

ಅಜ್ಜಿಗೆ ಎಲ್ಲವನ್ನೂ ಕಿವಿಯ ಹತ್ತಿರ ಕೂಗಿ ಹೇಳಬೇಕಾಯಿತು. ಇಡೀ ಬೀದಿ ಕೇಳಿಸಿಕೊಂಡಿತು. ಅಜ್ಜಿ ಬಂದರಿಗಿಂತ ಹಳಬಳು ಎಂಬಲ್ಲಿ ಬೇಕರಿಯವನು ಚಪ್ಪಾಳೆ ತಟ್ಟಿದ. ಅಜ್ಜಿ ಕ್ಯಾಪ್ಟನ್ನನ ಮನೆತನ ಯಾವುದೆಂದು ವಿಚಾರಿಸಿ, ಅವನ ಸೋದರತ್ತೆಯ ಪರಿಚಯ ಹಿಡಿದು, ಆ ಸೋದರತ್ತೆಗೆ ಬಡಿಸಲು ಬರುತ್ತಿರಲಿಲ್ಲ ಎಂದು ತೀರ್ಮಾನ ಹೇಳಿ, ಎಲ್ಲರನ್ನೂ ಒಳಗೆ ಕರೆದಳು.

ಇಪ್ಪತ್ತಾರು ಜನ ನೆಲದ ಮೇಲೆ ಕೂತರು. ಬೇಕರಿಯವನು ಬ್ರೆಡ್ ಕಳಿಸಿದ, ಪಕ್ಕದ ಮನೆಯವರು ಮೊಟ್ಟೆ ತಂದರು. ಬೆಳ್ಳುಳ್ಳಿ ಹಾಕಿ ಟೊಮೆಟೊ ಹುರಿದದ್ದು, ಗಟ್ಟಿ ಮೊಸರು, ಆಲಿವ್. ಡಾಕ್ಟರ್ ಸುಹೈರ್ ಮೂರು ಸಲ ಹಾಕಿಸಿಕೊಂಡರು. ಎಂಟಕ್ಕೆ ಬಸ್ಸು ಹೊರಟಿತು. ಅಜ್ಜಿ ಔನ್‌ನ ಕೋಟಿನ ತೋಳನ್ನು ಒಳಕ್ಕೆ ಮಡಚಿ ಪಿನ್ ಹಾಕಿ ಕಳಿಸಿದಳು.

ಮನೆ ಒಮ್ಮೆಲೇ ಖಾಲಿಯಾಯಿತು. ಅಜ್ಜಿ ದಿಂಬಿಗೊರಗಿ, ನೋಯುವ ಮಂಡಿ ಚಾಚಿ, ನನ್ನ ಪಾಸ್‌ಪೋರ್ಟನ್ನು ದೀಪಕ್ಕೆ ಹಿಡಿದು ಹೊಸ ಮುದ್ರೆ ನೋಡಿದಳು.

"ಏನಂತ ಬರ್ದಿದಾರೆ?"

"ಟೂರಿಸ್ಟ್ ಅಂತ."

"ಎಷ್ಟು ದಿನ?"

"ಒಂದು ತಿಂಗಳು. ನಾಳೆ ಠಾಣೆಗೆ ಹೋಗಿ ಬೇರೆ ಮಾಡಿಸ್ತೀನಿ. ಕಾರ್ಡಿಗೆ ನೀನು ಬೆರಳೊತ್ತಬೇಕು, ಬೇಡ ಅನ್ನಂಗಿಲ್ಲ."

ಅಜ್ಜಿ ಬೇಡ ಎನ್ನಲಿಲ್ಲ. ಪಾಸ್‌ಪೋರ್ಟನ್ನು ಮಡಚಿ ದಿಂಬಿನ ಕೆಳಗಿಟ್ಟುಕೊಂಡಳು.

"ಟೂರಿಸ್ಟಂತೆ," ಎಂದಳು. "ಏಳು, ತಟ್ಟೆ ತೊಳಿ."

ಇಪ್ಪತ್ತೇಳು ತಟ್ಟೆ. ಎಲ್ಲ ತೊಳೆದೆ.